ನಾಟಕದ ಮಾತು

ಸತ್ತವರು ಎದ್ದು ಮಂಗಳ ಹಾಡದೆ ನಮ್ಮ ಕಡೆ ಯಾವ ಆಟವೂ ಮುಗಿಯುತ್ತಿರಲಿಲ್ಲ. ಎದೆಗೆ ಕತ್ತಿ ಚುಚ್ಚಿಸಿಕೊಂಡವನು, ವಿಷ ಕುಡಿದವಳು, ಎಲ್ಲರೂ ಮೈಮೇಲಿನ ಮಣ್ಣು ಕೊಡವಿಕೊಂಡು ಸಾಲಾಗಿ ನಿಂತು ಕೈಮುಗಿಯಬೇಕು. ಇಲ್ಲದಿದ್ದರೆ ಊರಿಗೆ ಕೇಡು. ಹಾಗಾಗಿ ನಮ್ಮ ಸಾಲಿ ಮಾಸ್ತರರು ಉರ್ದು ಪುಸ್ತಕವೊಂದರಿಂದ ದುಃಖದ ನಾಟಕ ಹುಡುಕಿ ತಂದಾಗ ದೊಡ್ಡ ಪಂಚಾಯಿತಿಯೇ ನಡೆಯಿತು. ಹಗೆತನದ ಎರಡು ಮನೆಗಳ ಹುಡುಗ ಹುಡುಗಿ ಪ್ರೀತಿ ಮಾಡಿ, ಕೊನೆಗೆ ಇಬ್ಬರೂ ಸಾಯುವ ಕತೆ ಅದು. ಎಲ್ಲ ಕೇಳಿಸಿಕೊಂಡ ಹಿರಿಯರದು ಒಂದೇ ಪ್ರಶ್ನೆ: "ಮಂಗಳ ಹಾಡಾಕ ಏಳ್ತಾರಿಲ್ಲೋ?" ಏಳುತ್ತಾರೆ ಅಂದಮೇಲೆ ಒಪ್ಪಿದರು.

ಕಿನ್ನಾಳದಲ್ಲಿ ನಮ್ಮದು ಬೊಂಬೆ ಮಾಡುವ ಮನೆ. ಹಿಂದಿನ ಓಣಿಯಲ್ಲಿ ಇನ್ನೊಂದು ಬೊಂಬೆ ಮನೆ. ಗುಡಿಯ ಪಲ್ಲಕ್ಕಿಗೆ ಬಣ್ಣ ಹಚ್ಚುವ ಹಕ್ಕು ಯಾರದು ಅಂತ ಅಜ್ಜಂದಿರು ಜಗಳಾಡಿದ್ದಕ್ಕೆ ನಮ್ಮಪ್ಪಂದಿರು ಮಾತು ಬಿಟ್ಟಿದ್ದರು. ಮಾಸ್ತರರು ಬೇಕಂತಲೇ ಆ ಮನೆಯ ಮಗನಿಗೆ ನಾಯಕನ ಪಾತ್ರ ಕೊಟ್ಟು, ಪರದೆ ಬರೆಯಲು ನಮ್ಮಪ್ಪನನ್ನು ಒಪ್ಪಿಸಿದರು. ತಾಲೀಮು ನಮ್ಮ ಅಂಗಳದಲ್ಲೇ. ನಾಯಕಿಯ ಪಾತ್ರಕ್ಕೆ ಮೀಸೆ ಬೋಳಿಸಿಕೊಂಡ ಒಬ್ಬ ಬಡಿಗೇರ. ಅವನು ಸೆರಗು ಸರಿಮಾಡಿಕೊಂಡು ಅಳುವುದನ್ನು ನೋಡಿ ನಾನು ಬೊಂಬೆಯ ಅಂಟಿಗೆ ಹುಣಸೆ ಬೀಜ ಅರೆಯುತ್ತ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದೆ. ನಾಯಕನೂ ನಗುತ್ತಿದ್ದ. ಅವನು ನೋಡುತ್ತಿದ್ದದ್ದು ಬಡಿಗೇರನನ್ನಲ್ಲ.

ನನಗಾಗ ಹದಿನಾರು. ನೀರಿಗೆ ಹೋದಾಗ, ಮಾಸ್ತರರಿಗೆ ಚಹಾ ಕೊಡುವಾಗ, ನಾಲ್ಕು ಮಾತು ಅಷ್ಟೇ. ಆದರೂ ಅವನು ನನ್ನನ್ನು ಮದುವೆಯಾಗುತ್ತಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆ ವಯಸ್ಸೇ ಅಂಥದು, ಬುದ್ಧಿ ಗೂಟಕ್ಕೆ ನೇತು ಹಾಕಿರುತ್ತೇವೆ.

ಆಗ ನಿಜಾಮರ ರಾಜ್ಯ. ಸಾಲಿಯಲ್ಲಿ ಕಲಿಸುತ್ತಿದ್ದದ್ದು ಉರ್ದು. ಮನೆಯಲ್ಲಿ ಕನ್ನಡ ಆಡುವ ಹುಡುಗರು ಕನ್ನಡದ ಮಾತನ್ನೇ ಉರ್ದು ಅಕ್ಷರದಲ್ಲಿ ಬರೆದುಕೊಂಡು ಪಾತ್ರ ಬಾಯಿಪಾಠ ಮಾಡುತ್ತಿದ್ದರು. ಅಂಥದೇ ಒಂದು ಹಾಳೆಯನ್ನು ಒಂದು ದಿನ ಅವನು ನನ್ನ ಅರೆಯುವ ಕಲ್ಲಿನ ಕೆಳಗೆ ತುರುಕಿದ.

"ನನಗ ಓದಾಕ ಬರಂಗಿಲ್ಲ," ಅಂದೆ.

"ಇರಲಿ. ಬೇಕಂತನ ಉರ್ದುದಾಗ ಬರದೀನಿ. ಯಾರರ ಕಂಡ್ರೂ ನಾಟಕದ ಹಾಳಿ ಅಂದ್ಕೋತಾರ. ಇಟ್ಕೋ, ಮುಂದ ನಾನ ಓದಿ ಹೇಳ್ತೀನಿ."

ಕುಂಚದ ಡಬ್ಬಿಯಲ್ಲಿ ಬಚ್ಚಿಟ್ಟೆ. ಒಂದು ಗೆರೆಯೂ ತಿಳಿಯದ ಆ ಹಾಳೆಯನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ.

ನಾಟಕಕ್ಕೆ ಎರಡು ದಿನ ಇದ್ದಾಗ ಅದು ನಮ್ಮ ಮನೆಯಲ್ಲೇ ಇದ್ದ ಚಿಗವ್ವನ ಕೈಗೆ ಸಿಕ್ಕಿತು. ಅವನು ಕಲ್ಲಿನ ಹತ್ತಿರ ಸುಳಿಯುವುದನ್ನು ಅವಳು ಮೊದಲೇ ಕಂಡಿದ್ದಳು. ಅಪ್ಪ ಹಾಳೆ ಹಿಡಿದುಕೊಂಡು ನೇರ ಆ ಹುಡುಗನ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ನಮ್ಮ ಅಂಗಳದಲ್ಲಿ ಅವನು, ಅವನಪ್ಪ, ಮಾಸ್ತರರು, ಓಣಿಯ ಹತ್ತಾರು ಮಂದಿ. ನಾನು ಬಾಗಿಲ ಹಿಂದೆ. ನನಗೆ ಅಂಜಿಕೆ ಇರಲಿಲ್ಲ ಅಂದರೆ ಯಾರೂ ನಂಬಲಿಕ್ಕಿಲ್ಲ. ಒಳಗೊಳಗೆ ಖುಷಿಯೇ ಆಗಿತ್ತು, ಇವತ್ತು ಅವನು ಹೇಳಿಬಿಡುತ್ತಾನೆ ಅಂತ.

"ಏನಪಾ ಇದು?" ಅಂದ ಅಪ್ಪ.

ಅವನು ಹಾಳೆಯನ್ನು ನೋಡಿದ. ಬಾಗಿಲ ಕಡೆ ನೋಡಲಿಲ್ಲ.

"ನಾಟಕದ ಮಾತ್ರಿ. ನನ್ನ ಪಾರ್ಟಿನ ಹಾಳಿ. ಇಲ್ಲೇ ಎಲ್ಲೋ ಬಿದ್ದಿತ್ತು, ಆಕಿ ಯಾಕ ಇಟ್ಕೊಂಡಾಳೋ ನನಗೇನು ಗೊತ್ತ್ರಿ?"

ಮಾಸ್ತರರು ಚಾಳೀಸು ಏರಿಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಚಂದ್ರ, ಬೇಲಿ, ಮಲ್ಲಿಗೆ, ನಿನಗಾಗಿ ಪ್ರಾಣ ಬಿಟ್ಟೇನು ಎಂದೆಲ್ಲ. ದಿನಾ ಅಂಗಳದಲ್ಲಿ ಕೇಳಿ ಕೇಳಿ ನಮ್ಮ ಎಮ್ಮೆಗೂ ಬರುತ್ತಿದ್ದ ಮಾತುಗಳು ಅವು. ಮಂದಿ ನಕ್ಕರು. "ಹುಚ್ಚು ಹುಡುಗಿ, ಚಿತ್ರ ಅಂತ ಇಟ್ಕೊಂಡಾಳ," ಅಂದ ಅವನಪ್ಪ. ನಮ್ಮಪ್ಪನೂ ನಕ್ಕ. ಮೂವತ್ತು ವರ್ಷ ಮಾತು ಬಿಟ್ಟಿದ್ದ ಅವರಿಬ್ಬರೂ ಅವತ್ತು ಒಂದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು.

"ನಿನ್ನ ಹಾಳಿ ತೊಗೊಳೋ," ಅಂದರು ಮಾಸ್ತರರು.

"ಬಾಯಿಪಾಠ ಆಗೇತ್ರಿ," ಅಂದು ಅವನು ನಡೆದುಬಿಟ್ಟ.

ಹಾಳೆ ಕಟ್ಟೆಯ ಮೇಲೇ ಉಳಿಯಿತು. ನಾನು ಎತ್ತಿಟ್ಟುಕೊಂಡೆ. ಪ್ರೀತಿಗಲ್ಲ, ನನ್ನ ದಡ್ಡತನಕ್ಕೆ ಒಂದು ಗುರುತಿರಲಿ ಅಂತ. ನಾಟಕದ ಪಾಠವನ್ನು ನನಗೆ ಕೊಟ್ಟು ಪತ್ರ ಅಂತ ನಂಬಿಸಿದನಲ್ಲ ಅಂತ ಸಿಟ್ಟು.

ಹೊತ್ತು ಮುಳುಗುವುದರೊಳಗೆ ಮುಗಿಸಬೇಕು ಎಂಬ ಕರಾರಿನ ಮೇಲೆ ಸರಕಾರದ ಪರವಾನಗಿ ಸಿಕ್ಕಿದ್ದರಿಂದ ನಾಟಕ ಹಾಡುಹಗಲೇ ನಡೆಯಿತು. ಅವನು ಬಹಳ ಚೆಂದ ಸತ್ತ. ಹೆಂಗಸರೆಲ್ಲ ಮಾಳಿಗೆಯ ಮೇಲೆ ಕೂತು ಸೆರಗು ತೋಯುವ ಹಾಗೆ ಅತ್ತರು. ಆಮೇಲೆ ಅವನು ಎದ್ದು ಧೋತರದ ಮಣ್ಣು ಕೊಡವಿಕೊಂಡು, ಬಡಿಗೇರನ ಪಕ್ಕ ನಿಂತು ಮಂಗಳ ಹಾಡಿದ.

ಅದೇ ವರ್ಷ ನನ್ನನ್ನು ಕುಷ್ಟಗಿಗೆ ಕೊಟ್ಟರು. ಗಂಡ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಹಿರೇಮಗ ಸಾಲಿಗೆ ಹೋಗತೊಡಗಿದಾಗ ಅವನ ಪಕ್ಕ ಕೂತು ನಾನೂ ಉರ್ದುವಿನ ಅಲಿಫ್, ಬೇ ತಿದ್ದಿದೆ. ಅತ್ತೆ "ಈ ವಯಸ್ಸಿನ್ಯಾಗ ಓದಿ ಕೋರ್ಟಿನ್ಯಾಗ ಮುನಸೀಪಿ ಮಾಡ್ತೀಯೇನ?" ಅಂತ ಚೇಷ್ಟೆ ಮಾಡುತ್ತಿದ್ದರು. ವರ್ಷ ಕಳೆಯುವುದರಲ್ಲಿ ಅಂಗಡಿಗಳ ಮೇಲಿನ ಬರಹ ಓದುವಷ್ಟಾಯಿತು. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಟ್ರಂಕಿನ ತಳದಿಂದ ಆ ಹಾಳೆ ತೆಗೆದೆ.

ಉರ್ದು ಅಕ್ಷರದ ಕನ್ನಡ ಓದುವುದು ಸುಲಭವಲ್ಲ, ಅರ್ಧ ಸ್ವರ ನಾವೇ ಊಹಿಸಿಕೊಳ್ಳಬೇಕು. ಬೆರಳಿಟ್ಟು ಕೂಡಿಸಿದ ಮೊದಲನೆಯ ಮಾತು ನನ್ನ ಹೆಸರು. ನಾಯಕಿಯದಲ್ಲ, ನನ್ನದು. ಚಂದ್ರ ಇರಲಿಲ್ಲ, ಮಲ್ಲಿಗೆಯೂ ಇರಲಿಲ್ಲ. ಮಾಸ್ತರರು ಅಂದು ಹಾಳೆಯನ್ನು ನೋಡುತ್ತಲೇ ನಾಟಕದ ಮಾತನ್ನು ಬಾಯಿಂದ ಒಪ್ಪಿಸಿದ್ದರು. ನನ್ನನ್ನು ಉಳಿಸಲೋ, ತಮ್ಮ ನಾಟಕವನ್ನು ಉಳಿಸಲೋ, ಇಂದಿಗೂ ತಿಳಿಯದು. ಕೊನೆಯ ಸಾಲು ಕೂಡಿಸುವಷ್ಟರಲ್ಲಿ ಹೊತ್ತು ಇಳಿದಿತ್ತು.

"ನಿಮ್ಮಪ್ಪ ಕೇಳಲಿ, ನಮ್ಮಪ್ಪ ಕೇಳಲಿ, ಎಲ್ಲರ ಮುಂದ ಹೂಂ ಅಂತೀನಿ. ನೀನೂ ಅನ್ನು."

ಅದು ನಾಟಕದ ಹಾಳೆಯೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಳ್ಳನನ್ನು ಮರೆಯಬಹುದು. ಖರೇ ಬರೆದು, ಬರೆದದ್ದನ್ನು ಕಣ್ಣಾರೆ ನೋಡುತ್ತ ಅಲ್ಲ ಅಂದವನನ್ನು ಏನು ಮಾಡುವುದು? ಅಡಿಗೆ ಒಲೆಯ ಮುಂದೆ ಕೂತು ಆವತ್ತು ಅತ್ತಷ್ಟು ನಾನು ಎಂದೂ ಅತ್ತಿಲ್ಲ. ಅವನಿಗಾಗಿ ಅಷ್ಟೇ ಅಲ್ಲ. ನೀನೂ ಅನ್ನು ಅಂತ ಅವನು ಬರೆದಿದ್ದ. ನಾನು ಬಾಗಿಲ ಹಿಂದೆಯೇ ಇದ್ದೆ, ಹೂಂ ಅನ್ನಲು ತಯಾರಾಗಿ ನಿಂತಿದ್ದೆ. ಅಷ್ಟು ಮಂದಿಯಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ.