ದೊಡ್ಡ ನಂಬರಿನ ಇನ್‌ಸ್ಟಾಲರ್

ಸಡಾ ಗುಡ್ಡದ ನಮ್ಮ ಓಣಿಯಲ್ಲಿ ಯಾರ ಫೋನು ಕೆಟ್ಟರೂ ನನ್ನ ಹತ್ತಿರವೇ ಬರುತ್ತಾರೆ. ನಾನು ವಾಸ್ಕೋ ಸ್ಟೇಷನ್ ಮುಂದೆ ಬೈಕಿನ ಹಿಂದೆ ಗಿರಾಕಿ ಕೂರಿಸಿಕೊಂಡು ಹೋಗುವ ಪೈಲಟ್. ಗಿರಾಕಿ ಇಲ್ಲದ ಹೊತ್ತಿನಲ್ಲಿ ವೀಡಿಯೊ ನೋಡಿ ನೋಡಿ ಕಲಿತದ್ದೇ ನನ್ನ ಕಂಪ್ಯೂಟರ್ ವಿದ್ಯೆ. ಹಾಗೆ ಕಲಿತವನಿಗೆ ಸೊಕ್ಕು ಬೇಗ ಏರುತ್ತದೆ, ನನಗೂ ಏರಿತ್ತು.

ನನ್ನ ಹೆಂಡತಿ ಕುಂಡಯಿಯ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಈಚೆಗೆ ಅಲ್ಲಿ ಸೂಪರ್‌ವೈಸರ್ ಜಾಗಕ್ಕೆ ಒಳಗಿನವರನ್ನೇ ತೆಗೆದುಕೊಳ್ಳುತ್ತೇವೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಬೇಕು ಎಂದರು. ಒಂದೇ ಅವಕಾಶ. ಹನ್ನೊಂದು ವರ್ಷ ಆ ಪ್ಯಾಕಿಂಗ್ ಲೈನಿನಲ್ಲಿ ನಿಂತೇ ಕೆಲಸ ಮಾಡಿದವಳು ಅವಳು. ಬಾಯಿ ಬಿಟ್ಟು ಏನನ್ನೂ ಕೇಳುವವಳಲ್ಲ. "ಇದೊಂದು ನನಗ ಬೇಕ್ರಿ" ಅಂದಳು.

ಮನೆಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಅದರ ಆಪರೇಟಿಂಗ್ ಸಿಸ್ಟಂ ತೀರಾ ಹಳೆಯದು, ಅದರಲ್ಲಿ ಪರೀಕ್ಷೆ ತೆರೆಯುವುದಿಲ್ಲ ಎಂದು ಪರೀಕ್ಷೆಯ ಪುಟ ಹೇಳಿತು. "ಅದರ ಚಿಂತಿ ನೀ ಬಿಡು" ಅಂದೆ ನಾನು. ಶುಕ್ರವಾರ ಪುಕ್ಕಟೆ ಸಿಗುವ ಒಂದು ಸಿಸ್ಟಂನ ಡೌನ್‌ಲೋಡ್ ಪುಟ ತೆರೆದೆ. ಇನ್‌ಸ್ಟಾಲರುಗಳ ಸಾಲೇ ಇತ್ತು: 22.04.5, 24.04, 24.04.1, 24.04.3, 25.10. ಕೆಲವದರ ಮುಂದೆ ಮೂರು ಇಂಗ್ಲಿಷ್ ಅಕ್ಷರಗಳ ಬಾಲ, ಕೆಲವಕ್ಕೆ ಇಲ್ಲ. ನನಗೆ ತಲೆ ಕೆಡಿಸಿಕೊಳ್ಳುವ ಅಭ್ಯಾಸವಿಲ್ಲ. ದೊಡ್ಡ ನಂಬರ್ ಅಂದರೆ ಹೊಸದು, ಹೊಸದು ಅಂದರೆ ಚಲೋದು. 25.10 ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಹಳೆಯದನ್ನು ಅಳಿಸಿ ಇದನ್ನು ಕೂರಿಸಿದೆ. ಲ್ಯಾಪ್‌ಟಾಪ್ ಹೊಸ ಮದುಮಗನ ಹಾಗೆ ಮಿಂಚಿತು.

ಶನಿವಾರ ಮಧ್ಯಾಹ್ನ ಅವಳು ಪರೀಕ್ಷೆಯ ಪುಟ ತೆರೆದು ನೋಡಿದಳು. ಈ ಆವೃತ್ತಿ ನಮ್ಮ ಪಟ್ಟಿಯಲ್ಲಿಲ್ಲ ಎಂದು ಕೆಂಪಕ್ಷರದಲ್ಲಿ ಬಂತು.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೈ ತೊಳೆದು ಬಂದು, ನೋಟ್‌ಬುಕ್ಕು, ಪೆನ್ನು, ಒಂದು ಅಡಿಪಟ್ಟಿ ಇಟ್ಟುಕೊಂಡು ಕೂತಳು. ಮೊದಲು ಪರೀಕ್ಷೆಯ ಪುಟದಲ್ಲಿ ಒಪ್ಪಿಗೆಯಿರುವ ಆವೃತ್ತಿಗಳ ನಂಬರುಗಳನ್ನು ಹುಡುಕಿ ಬರೆದುಕೊಂಡಳು. ಅದು ಎಲ್ಲಿತ್ತೋ, ನಾನು ನೋಡಿಯೇ ಇರಲಿಲ್ಲ. ಆಮೇಲೆ ಡೌನ್‌ಲೋಡ್ ಪುಟವನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು.

"ಇದು ಸಣ್ಣದು ದೊಡ್ಡದು ಅಲ್ರಿ. ಇಸ್ವಿ, ತಿಂಗಳ. ಇಪ್ಪತ್ನಾಕರ ನಾಕನೇ ತಿಂಗಳದಾಗ ತಯಾರಾಗಿದ್ದು. ನಮ್ಮ ಗುಳಗಿ ಪಟ್ಟಿ ಮ್ಯಾಲೂ ಹಿಂಗ ಇರ್ತೈತಿ."

ನಾನು 25.10ರ ಮೇಲೆ ಬೆರಳಿಟ್ಟು ತೋರಿಸಿದೆ.

"ತಯಾರಾದ ತಿಂಗಳ ಅಷ್ಟ ನೋಡಿದ್ರ ಹೆಂಗ? ಎಕ್ಸ್‌ಪೈರಿ ನೋಡಬೇಕಲ್ಲ. ನಿಮ್ಮ ಇಪ್ಪತ್ತೈದು ಹತ್ತಕ್ಕ ಒಂಬತ್ತ ತಿಂಗಳ ಅಷ್ಟ. ಈ ಬಾಲ ಇದ್ದದ್ದಕ್ಕ ಐದ ವರ್ಷ."

"ಮತ್ತ ಇಪ್ಪತ್ನಾಕು ನಾಕರ ಕಡೀಗೆ ಒಂದು, ಮೂರು ಅಂತ ಐತಲ್ಲ, ಅದೇನು?"

"ಮಾಲು ಒಂದಽ. ತಪ್ಪು ತಿದ್ದಿ ಮತ್ತ ಮತ್ತ ಪ್ಯಾಕ್ ಮಾಡ್ಯಾರ. ಪರೀಕ್ಷಾದ ಪಟ್ಟಿಯೊಳಗ ಇಪ್ಪತ್ನಾಕು ನಾಕು ಐತಿ. ಅದರಾಗ ಕಡೀದು ತಗೋರಿ."

ಎಷ್ಟೋ ವೀಡಿಯೊ ನೋಡಿದ ನನಗೆ ತಿಳಿಯದ್ದು ಅವಳಿಗೆ ಕಾಲು ಗಂಟೆಯಲ್ಲಿ ತಿಳಿದಿತ್ತು. ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನಾಚಿಕೆಗಿಂತ ಹೆಚ್ಚಾಗಿ ಖುಷಿಯಾಯಿತು.

ಫೋನಿನ ನೆಟ್ ಕೊಟ್ಟು 24.04.3 ಇಳಿಸಿದೆ. ನಡುವೆ ಎರಡು ಸಲ ನೆಟ್ ಹೋಗಿ ಬಂತು. ಇಳಿದ ಕೂಡಲೇ ಪೆನ್‌ಡ್ರೈವ್ ಚುಚ್ಚಲು ಹೋದೆ, ಅವಳು ಕೈ ಹಿಡಿದಳು. ಪ್ರತಿ ಫೈಲಿನ ಜೊತೆ ಅಂಕಿ, ಅಕ್ಷರ ಕಲಸಿದ ಅರವತ್ತನಾಲ್ಕರ ಒಂದು ಉದ್ದ ಸಾಲು ಕೊಟ್ಟಿರುತ್ತಾರೆ. ನಮಗೆ ಇಳಿದ ಫೈಲಿನಿಂದ ಲ್ಯಾಪ್‌ಟಾಪ್ ಲೆಕ್ಕ ಹಾಕಿದರೂ ಅದೇ ಸಾಲು ಬಂದರೆ ಫೈಲು ಸರಿ, ಇಲ್ಲದಿದ್ದರೆ ಕೆಟ್ಟಿದೆ. ನಾನು ಈವರೆಗೆ ಅದನ್ನು ದಾಟಿಕೊಂಡೇ ಹೋದವನು.

"ನೀವು ಓದ್ರಿ, ನಾ ನೋಡತೇನಿ. ನಮ್ಮ ಲೈನಿನಾಗ ಬ್ಯಾಚ್ ನಂಬರ ಒಬ್ಬರ ಓದಿ ಒಬ್ಬರ ನೋಡಿದ್ರ ಪ್ಯಾಕಿಂಗ್ ಚಾಲೂ ಮಾಡೂದು. ಒಬ್ಬರ ಎರಡೂ ಮಾಡಂಗಿಲ್ಲ" ಅಂದಳು.

ಲ್ಯಾಪ್‌ಟಾಪ್ ಕೊಟ್ಟ ಸಾಲನ್ನು ನಾನು ಓದತೊಡಗಿದೆ, ಪುಟದ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವಳು ಅದರ ಕೆಳಗೆ ಅಡಿಪಟ್ಟಿ ಹಿಡಿದಳು. ಎರಡನೇ ಅಕ್ಷರಕ್ಕೇ ಅವಳು ಕೂಡುತ್ತಿಲ್ಲ ಎಂದು ತಲೆಯಾಡಿಸಿದಳು.

"ಫೈಲಿನ ಅಳತಿ ಅಷ್ಟಽ ಐತಲ್ಲ, ಹಾಕಿಬಿಡೋಣು. ಹೊತ್ತಾಗಾಕತ್ತೈತಿ" ಅಂದೆ.

"ಪರೀಕ್ಷಾ ನಂದು" ಅಂದಳು. ದನಿ ಏರಲಿಲ್ಲ. "ತಪ್ಪಿದ್ದು ಗೊತ್ತಾದ ಮ್ಯಾಲ ಮುಂದ ಕಳಸಂಗಿಲ್ರಿ. ಯಾರೋ ತಮ್ಮ ಕೂಸಿಗೆ ಈ ಗುಳಗಿ ಹಾಕ್ತಾರಂತ ಅನ್ಕೊಂಡ ನಾವು ಕೆಲಸ ಮಾಡೂದು."

ಮತ್ತೆ ಇಳಿಸಿದೆವು. ಎರಡನೇ ಸಲ ನಾನು ಓದುತ್ತಾ ಹೋದೆ, ಅಡಿಪಟ್ಟಿ ಸಾಲಿನ ಕೆಳಗೆ ಸರಿಯುತ್ತಾ ಹೋಯಿತು. ಮೂವತ್ತರ ಹತ್ತಿರ ನಾನೊಂದು ಅಂಕಿ ಹಾರಿಸಿದೆ. ಅವಳು ಪಟಕ್ಕನೆ ಹಿಡಿದು ಮೊದಲಿಂದ ಓದಿಸಿದಳು. ಅರವತ್ತನಾಲ್ಕೂ ಕೂಡಿದವು. ದೀಪ ಹಚ್ಚುವ ಹೊತ್ತಿಗೆ ಹೊಸ ಸಿಸ್ಟಂ ಕೂತಿತ್ತು, ಪರೀಕ್ಷೆಯ ಪುಟ ಹಸಿರಾಯಿತು.

ಭಾನುವಾರ ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂಬ ನಿಯಮವಿತ್ತು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರಿಗೆ ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡುತ್ತಿದ್ದೆ. ಎರಡು ವಾರದ ಮೇಲೆ ಆ ಕೆಲಸ ಅವಳಿಗೇ ಸಿಕ್ಕಿತು. ಆದರೆ ನನಗೆ ಹೆಚ್ಚು ನೆನಪಿರುವುದು ಆ ಭಾನುವಾರವೇ. ಪರೀಕ್ಷೆ ಮುಗಿಸಿ ಬಂದು ಅವಳು ಪಕ್ಕದಲ್ಲಿ ಕೂತಳು.

"ಅಲ್ಲಿ ದಿನಾ ಏನೇನ ಮಾಡ್ತಿ ನೀ? ಮುಂಜಾನಿಂದ ಹೇಳು" ಅಂದೆ.

ಅವಳು ನನ್ನ ಮುಖ ನೋಡಿದಳು. "ಹನ್ನೊಂದ ವರ್ಷದಾಗ ಒಮ್ಮಿನೂ ಕೇಳಿಲ್ರಿ ನೀವು."

ನಾನು ಅವಳತ್ತ ತಿರುಗಿ ಕೂತೆ. ಅವಳು ಶುರು ಮಾಡಿದಳು, ಬೆಳಗಿನ ಕಂಪನಿ ಬಸ್ಸಿನಿಂದ.