ಅಜ್ಜಿಯ ಹಾಡು ನುಂಗಿ ಕೂತ ಕಂಪ್ಯೂಟರ್

ಕಂಪ್ಯೂಟರ್ ಕೈಕೊಟ್ಟಾಗ ಮನುಷ್ಯ ಮೊದಲು ಅದನ್ನು ಆಫ್ ಮಾಡಿ ಆನ್ ಮಾಡುತ್ತಾನೆ. ಅದಕ್ಕೂ ಬಗ್ಗದಿದ್ದರೆ ಮತ್ತೆ ಆಫ್ ಮಾಡಿ, ಈ ಸಲ ಸ್ವಲ್ಪ ಭಯಭಕ್ತಿಯಿಂದ ಆನ್ ಮಾಡುತ್ತಾನೆ. ಕಳೆದ ಶುಕ್ರವಾರ ನಾನು ಈ ಎರಡನೆಯ ವಿಧಾನವನ್ನು ಹದಿನೇಳು ಸಲ ಪ್ರಯೋಗಿಸಿದೆ. ಪ್ರತಿ ಸಲವೂ ನಮ್ಮ ಕಂಪ್ಯೂಟರ್ ಕೀಂ ಎಂದು ಕೂಗಿ, ಒಂದು ನೀಲಿ ಪುಟ ತೆರೆದು, ಫಿಸಿಕ್ಸ್ ಪ್ರಶ್ನೆಪತ್ರಿಕೆಯ ಹಾಗೆ ನನ್ನನ್ನೇ ದಿಟ್ಟಿಸಿತು. ಅದು ಕಂಪ್ಯೂಟರಿನ ಒಳಗಿನ ಸೆಟ್ಟಿಂಗ್ಸ್ ಪುಟ. ಅಲ್ಲಿಂದ ಹೊರಗೆ ಬರುವುದು ನನಗೆ ಗೊತ್ತು. ಬಂದೆ. ಕಂಪ್ಯೂಟರ್ ಮಾತ್ರ ಬೀದಿಯ ಕೊನೆಯವರೆಗೆ ಹೋಗಿ ಬಂದವರಂತೆ ಮತ್ತೆ ಅದೇ ಪುಟದಲ್ಲಿ ಕೂತಿತು.

ಜಯನಗರದ ನಮ್ಮ ಬೀದಿಯಲ್ಲಿ ನನ್ನ ಸ್ಥಾನಮಾನವನ್ನು ನಿಮಗೆ ಹೇಳಿಬಿಡಬೇಕು. ನಾನಿನ್ನೂ ಮೊದಲ ಪಿಯುಸಿ. ಆದರೂ ವೈಫೈ ಹೋದರೆ ಮಹಡಿ ಮನೆ ಆಂಟಿ ಕರೆಯುವುದು ನನ್ನನ್ನೇ. ಫೋನಿನ ಅಕ್ಷರ ಸಣ್ಣದಾದರೆ ಎದುರು ಮನೆ ಅಂಕಲ್ ಕೂಗುವುದೂ ನನ್ನನ್ನೇ. ನಾನು ಹೋಗಿ, ಹುಬ್ಬು ಗಂಟಿಕ್ಕಿ, "ಡ್ರೈವರ್ ಇಶ್ಯೂ ಇರ್ಬೇಕು" ಎನ್ನುತ್ತೇನೆ. ಅಷ್ಟರಲ್ಲಿ ಕಾಫಿ ಬರುತ್ತದೆ. ಕಾಫಿ ಮುಗಿಯುವಷ್ಟರಲ್ಲಿ ವೈಫೈ ತಾನಾಗಿ ಬಂದಿರುತ್ತದೆ.

ಆದರೆ ಈ ಸಲ ಪಣಕ್ಕಿದ್ದದ್ದು ಕಾಫಿಯಲ್ಲ, ಅಜ್ಜಿಯ ಅರವತ್ತೆರಡು ಹಾಡುಗಳು. ಅವಳ ಅಮ್ಮ ಹೇಳುತ್ತಿದ್ದ ಆರತಿ ಹಾಡು, ಸೀಮಂತದ ಹಾಡು, ಬೀಗರನ್ನು ಛೇಡಿಸುವ ಹಾಡು. ಬರೆದಿಟ್ಟ ಪುಸ್ತಕ ಯಾವತ್ತೋ ಗೆದ್ದಲಿನ ಪಾಲಾಗಿತ್ತು. ಅಜ್ಜಿ ನಾಲ್ಕು ತಿಂಗಳು ಒಂದೇ ಬೆರಳಲ್ಲಿ, ಒಂದೊಂದೇ ಸಾಲು ನೆನಪಿಸಿಕೊಂಡು, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸಾಲು ಹೊಳೆದಾಗ ಓಡಿ ಬಂದು ಟೈಪ್ ಮಾಡಿದ್ದಳು. ಭಾನುವಾರ ವಿಲ್ಸನ್ ಗಾರ್ಡನ್‌ನಲ್ಲಿ ಅವಳ ತಂಗಿಯ ಮೊಮ್ಮಗಳ ಸೀಮಂತ. ಅಷ್ಟರೊಳಗೆ ಪ್ರಿಂಟ್ ತೆಗೆದು ಎಲ್ಲರ ಕೈಗೂ ಕೊಡಬೇಕೆಂಬುದು ಅವಳ ಆಸೆ.

ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದಳು: "ಪುಟ್ಟಾ, ಇನ್ನೊಂದು ಕಡೆನೂ ಕಾಪಿ ಇಟ್ಟಿದೀಯ ತಾನೆ?"

"ಎರಡು ಕಡೆ ಇಟ್ಟಿದೀನಿ ಅಜ್ಜಿ. ಟೆನ್ಶನ್ ತಗೋಬೇಡ."

ಒಂದು ಕಡೆಯೂ ಇಟ್ಟಿರಲಿಲ್ಲ. ಎರಡು ಎಂದದ್ದು ಕೇಳಲು ಜವಾಬ್ದಾರಿಯುತವಾಗಿರಲಿ ಎಂದು.

ಕೊನೆಗೆ ಅಜ್ಜಿಗೆ ಗೊತ್ತಾಗದಂತೆ ಸಿಪಿಯು ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಿಲಕ್ ನಗರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ತಮ್ಮ ಮಾನಿಟರ್, ತಮ್ಮ ಕೀಬೋರ್ಡ್ ಜೋಡಿಸಿ ಬಟನ್ ಒತ್ತಿದರು. ಡಾಕ್ಟರ ಮುಂದೆ ಜ್ವರ ಬಿಟ್ಟ ಮಗುವಿನ ಹಾಗೆ ಅದು ನಗುನಗುತ್ತಾ ಆನ್ ಆಯಿತು.

"ಇದಕ್ಕೇನಾಗಿದೆ ಮಾರಾಯ? ಸಖತ್ತಾಗಿದೆಯಲ್ಲ!"

"ಮನೇಲಿ ಆನ್ ಆಗಲ್ಲ ಅಂಕಲ್."

"ಹಂಗಾದ್ರೆ ಹೋಗಿ ಮನೆ ರಿಪೇರಿ ಮಾಡ್ಸು."

ತಲೆ ಇದ್ದವರಾದರೆ ಹಾಡುಗಳನ್ನು ಅಲ್ಲೇ ಕಾಪಿ ಮಾಡಿಕೊಳ್ಳುತ್ತಿದ್ದರು. ನಾನು ಯುದ್ಧ ಗೆದ್ದವನಂತೆ ಡಬ್ಬಿ ಹೊತ್ತು ಮನೆಗೆ ಬಂದು, ಎಲ್ಲ ಜೋಡಿಸಿ, ಆನ್ ಮಾಡಿದೆ. ಕೀಂ. ನೀಲಿ ಪುಟ. ಅಂಗಡಿಗೆ ಫೋನ್ ಮಾಡಿದರೆ ಅಂಕಲ್ ಬಾಗಿಲು ಹಾಕಿ ಊರಿಗೆ ಹೊರಟಾಗಿತ್ತು. ಇನ್ನು ಸೋಮವಾರವೇ ಅಂತೆ.

ಅಜ್ಜಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ.

"ಅಜ್ಜಿ, ಕಂಪ್ಯೂಟರ್ ಸ್ಟಾರ್ಟ್ ಆಗ್ತಿಲ್ಲ. ಹಾಡೆಲ್ಲ ಅದರೊಳಗೇ ಇದೆ. ಕಾಪಿ ಇಟ್ಟಿಲ್ಲ."

"ಎರಡು ಕಡೆ ಇಟ್ಟಿದೀನಿ ಅಂದ್ಯಲ್ಲೋ?"

"ಎರಡು ಕಡೆನೂ ಇಟ್ಟಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಜ್ಜಿ ಎದ್ದು ಹೋಗಿ ಕಂಪ್ಯೂಟರ್ ಮೇಜು ಒರೆಸತೊಡಗಿದಳು. ಮನಸ್ಸು ಕೆಟ್ಟರೆ ಅವಳು ಏನನ್ನಾದರೂ ಒರೆಸುತ್ತಾಳೆ. ಮಾನಿಟರ್ ಆಯಿತು, ಡಬ್ಬಿ ಆಯಿತು. ಆಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಕೀಬೋರ್ಡನ್ನು ಬೋರಲು ಹಿಡಿದು, ಹಾಲು ಕುಡಿದ ಕೂಸಿಗೆ ತೇಗು ಬರಿಸುವಂತೆ ಬೆನ್ನು ತಟ್ಟಿದಳು. ಚಕ್ಕುಲಿ ಚೂರು ಬಿತ್ತು. ನನ್ನ ಒಂದು ಉಗುರು ಬಿತ್ತು. ಟಕ್ ಎಂದು ಯಾವುದೋ ಕೀ ಸಡಿಲಾಗಿ, ಒಂದು ಹಳದಿ ಅಕ್ಕಿಕಾಳು ಉದುರಿತು.

"ಅಕ್ಷತೆ!" ಎಂದಳು ಅಜ್ಜಿ, ನನ್ನ ಕಡೆ ತಿರುಗಿ.

ಆಯುಧಪೂಜೆಯ ದಿನ ಕಂಪ್ಯೂಟರಿಗೆ ಪೂಜೆ ಮಾಡಿದ ಪುರೋಹಿತ ನಾನೇ. ಒಂದೆರಡು ಕಾಳು ಹಾಕಿದರೆ ಸಾಕಿತ್ತು. ಆದರೆ ನೆಂಟರೆಲ್ಲ ನೋಡುತ್ತಿದ್ದರಲ್ಲ, ಅಪ್ಪನ ಪಂಚೆ ಉಟ್ಟು, "ಹೈಡ್ರೋಜನಾಯ ನಮಃ, ಹೀಲಿಯಮಾಯ ನಮಃ" ಎನ್ನುತ್ತ ಹಿಡಿ ಹಿಡಿ ಎರಚಿದ್ದೆ. ಅದರಲ್ಲೊಂದು ಕಾಳು ಇಷ್ಟು ದಿನ ಕೀಬೋರ್ಡಿನೊಳಗೆ ಉರುಳಾಡಿಕೊಂಡಿದ್ದು, ಈಗ ಡಿಲೀಟ್ ಕೀಯ ಸಂದಿಗೆ ಇಳಿದು ಅದನ್ನು ಒತ್ತಿ ಹಿಡಿದುಬಿಟ್ಟಿತ್ತು. ಆನ್ ಆಗುವಾಗ ಆ ಕೀ ಒತ್ತಿಕೊಂಡೇ ಇದ್ದರೆ ನಮ್ಮ ಕಂಪ್ಯೂಟರ್ ನೇರ ಸೆಟ್ಟಿಂಗ್ಸ್ ಪುಟಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಕೀಬೋರ್ಡ್ ಬೇರೆಯದಿತ್ತು, ಅದಕ್ಕೇ ಸರಿಯಾಗಿತ್ತು. ಇಷ್ಟನ್ನೂ ನಾನು ಅಜ್ಜಿಗೆ ವಿವರವಾಗಿ ಹೇಳತೊಡಗಿದೆ. ರಿಪೇರಿ ಅವಳು ಮಾಡಿದ ಮೇಲೆ ನನಗೆ ಉಳಿದದ್ದು ಉಪನ್ಯಾಸ ಮಾತ್ರ.

"ಆಮೇಲೆ ಹೇಳುವಂತೆ. ಮೊದ್ಲು ಆನ್ ಮಾಡು."

ಆನ್ ಆಯಿತು. ಅರವತ್ತೆರಡು ಹಾಡೂ ಇದ್ದವು.

"ಈಗ ನನ್ನ ಕಣ್ಣೆದುರಿಗೇ ಕಾಪಿ ಮಾಡು" ಎಂದು ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅವಳು ಅದನ್ನು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಕಾಪಿ ಆಗಿಹೋಗಿತ್ತು.

"ಇಷ್ಟೇನಾ?"

"ಇಷ್ಟೇ ಅಜ್ಜಿ."

ಆಗ ನನಗೂ ನಾಚಿಕೆಯಾಯಿತು. ಈ ಒಂದು ಕ್ಷಣದ ಕೆಲಸ ತಪ್ಪಿಸಿಕೊಳ್ಳಲು ನಾಲ್ಕು ತಿಂಗಳು ವಾರವಾರವೂ ಮುಖ ಸರಿಮಾಡಿಕೊಂಡು, ದನಿಗೆ ಭರವಸೆ ತುಂಬಿ, ಸುಳ್ಳು ಹೇಳಿದ್ದೆ. ಸೋಮಾರಿತನ ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನಷ್ಟು ದುಡಿದ ಸೋಮಾರಿ ಜಯನಗರದಲ್ಲಿ ಇನ್ನೊಬ್ಬನಿರಲಾರ.