ಅಕ್ಕನ ಹಲ್ಲಿಗೆ ಕಟ್ಟಿದ ರೇಷ್ಮೆ ಎಳೆ

ಅಕ್ಕನ ಬಾಯಿಗೆ ನನ್ನ ಬುಗುರಿ ಬಡಿದದ್ದು ಡಿಸೆಂಬರ್ ಆರನೆಯ ತಾರೀಖು, ಶುಕ್ರವಾರ. ನೆನಪನ್ನಷ್ಟೇ ನಂಬಿ ಇದನ್ನು ಬರೆಯುತ್ತಿಲ್ಲ. ನಾನು ಓದಿದ ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು ತೆರೆಸಿ ನೋಡಿದ್ದೇನೆ. ಏಳನೆಯ ತರಗತಿಯ ಪುಟದಲ್ಲಿ ನನ್ನ ಹೆಸರಿನ ಮುಂದೆ ಆ ತಿಂಗಳಿಡೀ ಒಂದೇ ಒಂದು ಗೈರುಹಾಜರಿಯಿದೆ, ಏಳನೆಯ ತಾರೀಖು ಶನಿವಾರದ್ದು. ಆ ದಿನ ನಾನು ಅಪ್ಪನಿಗೆ ಹೆದರಿ ಹಿಪ್ಪುನೇರಳೆ ತೋಟದಲ್ಲಿ ಅವಿತು ಕುಳಿತಿದ್ದೆ.

ಆ ಕಾಲದ ನಮ್ಮೂರು ಹೊಂಗನೂರನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಅದರ ವಾಸನೆ. ಮನೆಮನೆಯಲ್ಲೂ ರೇಷ್ಮೆಹುಳು, ತಟ್ಟೆಗಳಲ್ಲಿ ಬಾಡುವ ಸೊಪ್ಪಿನ ಹಸಿ ಕಂಪು, ನೂಲು ತೆಗೆಯುವ ಚರಕದ ಮನೆಗಳಿಂದ ಗೂಡು ಬೇಯಿಸಿದ ನೀರಿನ ಕಮಟು. ಹುಳು ಪೊರೆ ಬಿಡುವ ಹೊತ್ತನ್ನು ನಾವು ಜ್ವರವೆನ್ನುತ್ತಿದ್ದೆವು. ಆ ವಾರ ನಮ್ಮ ಹುಳು ನಾಲ್ಕನೆಯ ಜ್ವರದಿಂದೆದ್ದು, ಎಷ್ಟು ಸೊಪ್ಪು ಹಾಕಿದರೂ ಸಾಲದೆಂಬಂತೆ ಮೇಯುತ್ತಿತ್ತು.

ಹದಿನಾರು ವರ್ಷದ ಅಕ್ಕ ಗೌರಮ್ಮ ಸೊಪ್ಪಿನ ಮಂಕರಿ ಹೊತ್ತು ಅಂಗಳಕ್ಕೆ ಬಂದಳು. ಅದೇ ಹೊತ್ತಿಗೆ ನಾನು ಚನ್ನಪಟ್ಟಣದ ಅರಗಿನ ಬಣ್ಣದ ಹೊಸ ಬುಗುರಿಗೆ ಚಾಟಿ ಸುತ್ತಿ ಬೀಸಿದೆ. ಅದು ನೆಲ ಮುಟ್ಟದೆ ಹಿಂದಕ್ಕೆ ಹಾರಿತು.

"ಥೂ, ನಿನ್ ಕೈ ಸೇದೋಗ! ಮೊಕದ್ ಮ್ಯಾಲೆ ಕಣ್ಣಿಲ್ವೇನ್ಲಾ?" ಎಂದ ಅಕ್ಕ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಲ್ಲಿ ರಕ್ತ. ಮೇಲಿನ ಸಾಲಿನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು.

ಹಾಲುಹಲ್ಲಾಗಿದ್ದರೆ ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆಸೆದು, ಹೊಸದು ಬರಲೆಂದು ಕಾಯಬಹುದಿತ್ತು. ಇದು ಹೋದರೆ ಹೋದಂತೆಯೇ. ಕೂಟಗಲ್ಲಿನವರು ಅಕ್ಕನನ್ನು ನೋಡಲು ಹದಿನೈದನೆಯ ತಾರೀಖು ಬರುವುದೆಂದು ಗೊತ್ತಾಗಿತ್ತು. ಪಂಚಾಂಗದಂತೆ ಮರುದಿನದಿಂದ ಧನುರ್ಮಾಸ. ಆಮೇಲೆ ಒಂದು ತಿಂಗಳು ಮದುವೆಯ ಮಾತೆತ್ತುವಂತಿಲ್ಲ. ಒಂಬತ್ತು ದಿನ ಆ ಹಲ್ಲು ನಿಲ್ಲಬೇಕಿತ್ತು.

ಉಪಾಯ ಅವ್ವನದು. ಪಕ್ಕದ ಚರಕದ ಮನೆಯಿಂದ ಹಸಿ ರೇಷ್ಮೆಯ ನಾಲ್ಕೆಳೆ ತಂದು, ಹೊಸೆದು, ಅಲ್ಲಾಡುವ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದಳು.

"ಎಳೇಲಿರೋ ಅಂಟು ಒಣಗ್ಬುಟ್ರೆ ಕಲ್ಲಾಯ್ತದೆ ಕಣವ್ವ."

"ಬಾಯೊಳ್ಗೆ ಅದೆಂಗವ್ವಾ ಒಣಗ್ತದೆ?" ಅಕ್ಕ ತೊದಲಿದಳು.

"ಒಸಿ ಮಾತು ಕಮ್ಮಿ ಮಾಡು, ಒಣಗ್ತದೆ."

ಒಣಗಲಿಲ್ಲ. ನೆನೆದ ಎಳೆ ವಸಡಿನೊಳಕ್ಕೆ ಜಾರಿ ಕುಳಿತಿತು. ಐದನೆಯ ದಿನಕ್ಕೆ ವಸಡು ಊದಿ, ಅವಳು ಮಾತಾಡಿದರೆ ಕೀವಿನ ವಾಸನೆ ಬರತೊಡಗಿತು. ಅವ್ವ ಲವಂಗ ಅರೆದು ಹಚ್ಚಿದಳು. ಎಳೆಯನ್ನು ಮಾತ್ರ ಬಿಚ್ಚಲಿಲ್ಲ.

ಭಾನುವಾರ ಬಂದವರಲ್ಲಿ ಗಂಡಿನ ಸೋದರತ್ತೆಯ ಕಣ್ಣು ಚುರುಕು. ಕಜ್ಜಾಯದ ತಟ್ಟೆ ಹಿಡಿದು ಬಗ್ಗಿದ ಅಕ್ಕನ ಗಲ್ಲ ಹಿಡಿದಳು.

"ಒಸಿ ನಗವ್ವ. ಅದೇನದು, ಹಲ್ಲಿಗೆ ದಾರ?"

ಅಪ್ಪ ತಟ್ಟನೆ ನನ್ನತ್ತ ಕೈ ತೋರಿಸಿದ. "ಈ ಮುಂಡೇದು ಬುಗುರಿ ಬೀಸಿ ಹೊಡ್ದ್ಬುಟ್ಟ ಕಣಮ್ಮ. ಇಲ್ದಿದ್ರೆ ನಮ್ ಮನೆಯೋರ ಹಲ್ಲು ಕಬ್ಬಿಣ."

"ಏಟಿಗೆ ಒಂದಲ್ಲಾಡ್ತದೆ ಸರಿ. ದವಡೆ ತಾವ ಯಾಕಣ್ಣ ಊದೈತೆ?"

ಅಪ್ಪ ಕಜ್ಜಾಯದ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ. ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಅವರು ಎದ್ದರು, ಹೇಳಿ ಕಳಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಮೇಷ್ಟ್ರ ಒತ್ತಾಯಕ್ಕೆ ಅಪ್ಪ ನಮ್ಮಿಬ್ಬರನ್ನೂ ಬೆಂಗಳೂರಿನ ಹಲ್ಲಿನ ವೈದ್ಯರೊಬ್ಬರಲ್ಲಿಗೆ ಕರೆದೊಯ್ದ. ಅವರು ಎಳೆ ಕತ್ತರಿಸಿ ತೆಗೆದು, ದವಡೆಯತ್ತ ಬಹಳ ಹೊತ್ತು ನೋಡಿದರು. ಹರೆಯದವರ ಶಾಶ್ವತ ಹಲ್ಲು ಸಡಿಲವಾಗಲು ಏಟು ಕಾರಣವಾಗಬಹುದು, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಾಗಬಹುದು, ಬೇರಿನ ಬಳಿಯ ಗಡ್ಡೆಯಾಗಬಹುದು. ಕೆಲವು ಮನೆತನಗಳಲ್ಲಿ ಎಳೆಯ ವಯಸ್ಸಿಗೇ ಹಲ್ಲು ಹಿಡಿದಿರುವ ಮೂಳೆ ಕರಗುವ ಕಾಯಿಲೆಯೂ ಉಂಟು ಎಂದು ಬಿಡಿಸಿ ಹೇಳಿದರು. ಆ ಕಾಯಿಲೆಯಾದರೆ ಎಲ್ಲ ವಸಡನ್ನೂ ಈಗಲೇ ಬಿಡಿಸಿ ಶುಚಿ ಮಾಡಬೇಕು, ತಡವಾದರೆ ಒಂದೊಂದಾಗಿ ಬೀಳುತ್ತವೆ ಎಂದೂ ಸೇರಿಸಿದರು.

"ಏಟು ಬೀಳೋಕೆ ಮೊದಲೇ ಅಲ್ಲಾಡ್ತಿತ್ತೇನಮ್ಮ?"

ಅಕ್ಕ ಅಪ್ಪನ ಮುಖ ನೋಡಿದಳು. "ಇಲ್ಲ ಸ್ವಾಮಿ."

"ಗಟ್ಟಿಯಾಗಿತ್ತು ಸಾರ್. ನಾನೇ ಹೊಡೆದದ್ದು," ಎಂದು ನಾನೂ ಅಳುತ್ತ ಸಾಕ್ಷಿ ನುಡಿದೆ.

ವೈದ್ಯರು ನಮ್ಮ ಮಾತನ್ನು ನಂಬಿ ಮುಂದಿನ ಹಲ್ಲಿಗಷ್ಟೇ ಚಿಕಿತ್ಸೆ ಮಾಡಿದರು. ತಿಂಗಳು ಬಿಟ್ಟು ಮತ್ತೆ ತೋರಿಸಿ ಎಂದಿದ್ದರು, ಅಪ್ಪ ಕರೆದೊಯ್ಯಲಿಲ್ಲ. ಯುಗಾದಿಗೆ ಆ ಹಲ್ಲು ಬಿತ್ತು, ಗೌರಿ ಹಬ್ಬದೊಳಗೆ ಅದರ ಪಕ್ಕದ್ದು, ಆಮೇಲೆ ದವಡೆಯವು. ಇಪ್ಪತ್ತೈದಕ್ಕೆ ಅವಳ ಬಾಯಲ್ಲಿ ಅಗಿಯಲು ಏನೂ ಉಳಿದಿರಲಿಲ್ಲ. ಮದುವೆಯ ಮಾತು ಮತ್ತೆ ಏಳಲಿಲ್ಲ.

ಕೆಲಸದೂರಿನಿಂದ ಬಂದಾಗಲೆಲ್ಲ ನಾನು ತಪ್ಪೊಪ್ಪಿಕೊಳ್ಳುತ್ತಿದ್ದೆ. "ಮುದ್ದೆಗೆ ಹಲ್ಲ್ ಯಾಕ್ಲಾ? ನುಂಗಕ್ಕೆ ಗಂಟ್ಲಿದ್ರೆ ಸಾಕು," ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು. ಹಾಗೆ ನಗುವುದು ಅವಳಿಗೆ ಜನ್ಮದ ಅಭ್ಯಾಸವಾಯಿತು. ಅವಳು ತೀರಿಕೊಂಡು ಮೂರು ವರ್ಷ. ಅಪ್ಪ, ಅವ್ವ ಅದಕ್ಕೂ ಬಹಳ ಮೊದಲೇ ಹೋದರು.

ಈ ವರ್ಷ ನಮ್ಮ ಹಿಪ್ಪುನೇರಳೆ ತೋಟವೂ ಕಾರ್ಖಾನೆಯೊಂದಕ್ಕೆ ಹೋಯಿತು. ನಾನು ಅವಿತು ಕುಳಿತಿದ್ದ ಸಾಲುಗಳ ಮೇಲೆ ತಗಡಿನ ಗೋಡೆ ಎದ್ದಿದೆ. ಗೂಡು ಬೇಯುವ ವಾಸನೆಯಿದ್ದ ಬೀದಿಯಲ್ಲಿ ಡೀಸೆಲ್ಲಿನ ಹೊಗೆ. ಊರು ಹೋದದ್ದನ್ನು ನಾನು ಸಹಿಸಿಯೇನು. ನಲವತ್ತಾರು ವರ್ಷ ನನ್ನದೆಂದು ಹೊತ್ತ ತಪ್ಪೂ ಈಗ ನನ್ನ ಬಳಿ ಉಳಿದಿಲ್ಲ. ಅದಿಲ್ಲವೆಂದು ಹೇಳಿ ಹಗುರಾಗಲು ಅಕ್ಕನಿಲ್ಲ.

ಜಮೀನು ಬಿಟ್ಟುಕೊಡುವಾಗ ಹಳೆಯ ಪಹಣಿಗಾಗಿ ಅಪ್ಪನ ಕಾಗದದ ಗಂಟು ಬಿಚ್ಚಿದ್ದೆ. ಅದರಲ್ಲಿ ಸರ್ಕಾರಿ ಆಸ್ಪತ್ರೆಯ ಒಂದು ಹೊರರೋಗಿ ಚೀಟಿಯಿತ್ತು, ಇಂಗ್ಲಿಷಿನಲ್ಲಿ ಕೆಲವೇ ಸಾಲು: ಗೌರಮ್ಮ, ವಯಸ್ಸು ಹದಿನಾರು. ಮೇಲಿನ ಮುಂದಿನ ಎರಡು ಹಲ್ಲು, ಎರಡೂ ಕಡೆಯ ದವಡೆ ಹಲ್ಲು ಸಡಿಲ. ಏಟಿನ ಗುರುತಿಲ್ಲ. ತಡಮಾಡದೆ ಬೆಂಗಳೂರಿಗೆ ಕರೆದೊಯ್ಯಲು ತಂದೆಗೆ ತಿಳಿಸಿದೆ. ಕೆಳಗೆ ಅಪ್ಪನ ಹೆಬ್ಬೆಟ್ಟು. ತಾರೀಖನ್ನು ಭೂತಗನ್ನಡಿಯಿಟ್ಟು ಎರಡು ಸಲ ಓದಿದೆ: ಅದೇ ವರ್ಷದ ನವೆಂಬರ್ ಹದಿನೆಂಟು, ಸೋಮವಾರ. ನಾನು ಬುಗುರಿ ಬೀಸಿದ್ದಕ್ಕೆ ಹದಿನೆಂಟು ದಿನ ಮೊದಲು.